ಮುಚ್ಚಿದ ಕಿಟಕಿಗೊಂದು ಹಾರ್ನ್

ಹಳೇ ಜೆಟ್ಟಿ ಬೀದಿ, ಎರಡನೇ ಮಹಡಿ, ನಿಮ್ಮ ರೂಮು
ತಾರೀಖು ಹದಿನೇಳು, ಶುಕ್ರವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ,

ಹೆಸರು ಹಿಡಿದು ಬರೆಯಲು ಈ ವಯಸ್ಸಿನಲ್ಲೂ ಕೈ ಬರುತ್ತಿಲ್ಲ, ಅದಕ್ಕೇ ಹೀಗೆ ಶುರು ಮಾಡಿದ್ದೇನೆ, ನಗಬೇಡಿ. ಸೊಂಟ ಹೇಗಿದೆ? ಕೋಲು ಹಿಡಿದೇ ನಡೆಯುತ್ತಿದ್ದೀರಾ, ಇಲ್ಲ ಮಗಳು ಕಣ್ಣೆದುರು ಇದ್ದಾಗ ಮಾತ್ರ ಕೋಲು, ಅವಳು ಅಡುಗೆಮನೆಗೆ ಹೋದ ತಕ್ಷಣ ಗೋಡೆಯೋ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಡಾಕ್ಟರು ಹೇಳಿದ ವ್ಯಾಯಾಮ ದಿನಕ್ಕೆ ಎರಡು ಸಲ, ಒಂದು ಸಲ ಮಾಡಿ ಎರಡು ಎಂದು ಲೆಕ್ಕ ಒಪ್ಪಿಸುವುದಲ್ಲ. ಬಿಳಿ ಮಾತ್ರೆ ಊಟದ ಮೇಲೆ, ಹಳದಿಯದು ಊಟಕ್ಕೆ ಮೊದಲು. ಅಳಿಯಂದಿರ ಹತ್ತಿರ ಸೇರಿಕೊಂಡು ಟೀ ಜಾಸ್ತಿ ಕುಡಿಯಬೇಡಿ, ಅವರಿಗೂ ಅದೊಂದು ನೆಪ ಬೇಕು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀರಿ. ಫೋನಿನಲ್ಲಿ ನೀವು 'ಹ್ಞೂಂ' ಅನ್ನುತ್ತೀರಿ, ನಾನು 'ಸರಿ, ಇಡ್ತೀನಿ' ಅನ್ನುತ್ತೇನೆ, ಅಲ್ಲಿಗೆ ಗಂಡ ಹೆಂಡಿರ ಮಾತು ಮುಗಿಯುತ್ತದೆ. ಅದೂ ಮಗಳು ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ನಿಂತಿರುತ್ತಾಳೆ. ನನಗೆ ನಿಮ್ಮೊಬ್ಬರಿಗೇ ಹೇಳಬೇಕಾದ ಮಾತಿದೆ. ಮೂರು ದಿನದಿಂದ ಅದನ್ನು ಬರೆಯಲೆಂದು ಕೂತು ಕೂತು ಏಳುತ್ತಿದ್ದೇನೆ. ನೀವು ಹೇಳಿ ಕಳಿಸಿದ್ದು ಎರಡೇ ಕೆಲಸ. ನಿಮ್ಮ ಟ್ರಂಕು ತರುವುದು, ಶನಿವಾರದೊಳಗೆ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸುವುದು. 'ಇನ್ನು ಆ ರೂಮು ಯಾರಿಗೆ ಬೇಕು, ಕೊಟ್ಟು ಬಂದುಬಿಡು' ಎಂದು ಹೇಳಿ ನೀವು ಗೋಡೆಯ ಕಡೆ ತಿರುಗಿ ಮಲಗಿದಿರಿ. ನಾನು ಬಟ್ಟೆ ಮಡಚುತ್ತಿದ್ದೆ, ಅದನ್ನು ಗಮನಿಸಲಿಲ್ಲ. ನಾಳೆ ಶನಿವಾರ. ಬೀಗದ ಕೈ ಈ ಕಾಗದದ ಪಕ್ಕದಲ್ಲೇ ಇದೆ.

ಸೋಮವಾರ ಮಧ್ಯಾಹ್ನ ಬಂದು ತಲುಪಿದೆ. ಮಗಳ ಮನೆಯಿಂದ ರಸ್ತೆಯಲ್ಲಿ ಎಂಟು ಗಂಟೆ, ಎರಡು ಬಸ್ಸು. ಆಚೆ ದಡಕ್ಕೆ ಬಂದು ನೀವು ಓಡಿಸುತ್ತಿದ್ದ ಲಾಂಚ್ ಹತ್ತಿದ್ದರೆ ಎರಡೂವರೆ ಗಂಟೆಯ ದಾರಿ ಎಂದು ನನಗೂ ಗೊತ್ತಿತ್ತು, ಆದರೆ ನೀರು ಕಂಡರೆ ತಲೆಸುತ್ತು ಬರುವ ಹೆಂಗಸು ಲಾಂಚ್ ಹತ್ತುವುದುಂಟೇ. ಸುತ್ತು ಹಾಕಿಕೊಂಡೇ ಬಂದೆ. ಬಸ್ಸು ಕೊನೆಯ ಏರು ಹತ್ತಿ ಈಚೆ ಇಳಿಯುತ್ತಿದ್ದ ಹಾಗೇ ಕಿಟಕಿಯ ತುಂಬ ನೀರು. ಅಯ್ಯೋ, ಇದನ್ನು ನೀವು ಇಷ್ಟು ವರ್ಷ 'ನಮ್ಮ ಕೆರೆ' ಅನ್ನುತ್ತಿದ್ದಿರಲ್ಲ, ಇದು ಕೆರೆಯೇನ್ರೀ? ಆಚೆ ದಡವೇ ಕಾಣಿಸುವುದಿಲ್ಲ. ಕ್ರೇನುಗಳು, ಮರದ ದಿಮ್ಮಿಗಳ ರಾಶಿ, ಸಾಲಾಗಿ ಕಟ್ಟಿದ ದೋಣಿಗಳು, ಎಲ್ಲಾ ಸಮುದ್ರದ ಬಂದರಿನ ಹಾಗೇ. ಇಳಿದವಳೇ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಮೆಟ್ಟಿಲಿಳಿದು ಹೋಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪಿಲ್ಲ. ಪಕ್ಕದಲ್ಲಿ ಬಲೆ ಒಗೆಯುತ್ತಿದ್ದವನು ನಕ್ಕು, 'ಹೊಸಬರೆಲ್ಲಾ ಇದನ್ನೇ ಮಾಡ್ತಾರೆ ಕಣಮ್ಮಾ' ಅಂದ. ನನಗೆ ಪಿಚ್ಚೆನಿಸಿತು. ನಿಮ್ಮ ಅನ್ನ ಹುಟ್ಟಿಸಿದ ನೀರಿಗೆ ಇಪ್ಪತ್ತಾರು ವರ್ಷದ ಮೇಲೆ ನಾನು ಹೊಸಬಳು.

ದಾರಿ ತಪ್ಪಿತು, ಕೇಳಬೇಡಿ. ಎಲ್ಲಾ ಬೀದಿಯೂ ಒಂದೇ ಥರ, ಎರಡೂ ಕಡೆ ಎತ್ತರದ ಗೋದಾಮು, ನಡುವೆ ಒದ್ದೆ ಕಲ್ಲು, ಡೀಸೆಲ್ಲು ಮತ್ತು ಹಸಿ ಮರದ ಪುಡಿಯ ವಾಸನೆ. ಆಗ ನೀವು ಮದುವೆಯಾದ ವರ್ಷ ಬರೆದ ಪತ್ರದ ಒಂದು ಸಾಲು ನೆನಪಾಯಿತು. 'ಇಲ್ಲಿ ದಾರಿ ತಪ್ಪಿದರೆ ಹೆದರಬೇಡ, ಇಳಿಜಾರು ಹಿಡಿ, ನೀರಿಗೆ ಬರುತ್ತೀ, ನೀರಿಗೆ ಬಂದರೆ ನಾನಿರುತ್ತೇನೆ.' ಇಳಿಜಾರು ಹಿಡಿದೆ. ನೀರಿಗೂ ಬಂದೆ. ನೀವು ಮಾತ್ರ ಅಲ್ಲಿ ಮಗಳ ಮನೆಯ ಮಂಚದ ಮೇಲೆ.

ರೂಮಿನ ವಿಷಯಕ್ಕೆ ಬರುತ್ತೇನೆ. ಮೂವತ್ತನಾಲ್ಕು ಮೆಟ್ಟಿಲು ಎಣಿಸಿಕೊಂಡು ಹತ್ತಿದೆ. ಬಾಗಿಲು ತೆರೆಯುವ ಮೊದಲು ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ, ಬೈದರೆ ಬೈಯಿರಿ. ಬಂದರಿನ ಗಂಡಸರ ಬಗ್ಗೆ ನಮ್ಮ ಅಂಗಡಿಗೆ ಬ್ಲೌಸ್ ಹೊಲಿಸಲು ಬರುವವರೆಲ್ಲ ಒಂದೊಂದು ಕಥೆ ಹೇಳುತ್ತಿದ್ದರು. ನಾನು ಮೆಷಿನ್ ತುಳಿಯುತ್ತಾ 'ನಮ್ಮವರು ಅಂಥವರಲ್ಲ' ಅನ್ನುತ್ತಿದ್ದೆ, ಒಳಗೆ ಮಾತ್ರ ಒಂದು ಹುಳ ಕೊರೆಯುತ್ತಲೇ ಇತ್ತು. ಹಾಗಾಗಿ ಮೈಯೆಲ್ಲ ಕಣ್ಣು ಮಾಡಿಕೊಂಡೇ ಒಳಗೆ ಹೋದೆ. ಗೂಟದಲ್ಲಿ ಎರಡು ಟವೆಲು. ಸ್ಟೌ ಪಕ್ಕ ಎರಡು ಲೋಟ, ಎರಡು ತಟ್ಟೆ. ಒಬ್ಬರಿಗೆ ಎರಡು ಯಾಕೆ? ಮಂಚದ ಕೆಳಗೆ ಟ್ರಂಕು ಎಳೆದೆ, ಅದರ ಹಿಂದೆ ಒಂದು ಜೊತೆ ಹೆಂಗಸರ ಚಪ್ಪಲಿ! ಚಪ್ಪಲಿ ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಇಷ್ಟು ದೂರದಲ್ಲಿದ್ದ ನಿಮಗೆ ಬಿಕ್ಕಳಿಕೆ ಬಂದಿರಬೇಕು.

ಮಂಗಳವಾರ ಬೆಳಗ್ಗೆ ಅದನ್ನೇ ಕವರಿನಲ್ಲಿ ಹಾಕಿಕೊಂಡು ಪಕ್ಕದ ರೂಮಿನಾಕೆಯ ಬಾಗಿಲು ತಟ್ಟಿದೆ. ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳಲ್ಲ, ಆಕೆ. ಇದು ಯಾರದ್ದು ಹೇಳಿ ಎಂದು ಕೇಳಬೇಕೆಂದು ಬಾಯಿ ತೆರೆದರೆ, ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಅಯ್ಯೋ ದೇವರೇ, ಡ್ರೈವರಣ್ಣನ ಮನೆಯವರಾ? ಕೊನೆಗೂ ಬಂದ್ರಾ! ತಲೆಸುತ್ತು ಹೇಗಿದೆ ಅಕ್ಕಾ?' ಎಂದು ಎರಡೂ ಕೈ ಹಿಡಿದುಕೊಂಡಳು. ಕವರಿನೊಳಗಿನ ಚಪ್ಪಲಿ ನೋಡಿ, 'ಹಾಕ್ಕೊಂಡೇ ಇಲ್ವಾ? ನಮ್ಮಲ್ಲಿ ನೆಲ ಯಾವಾಗಲೂ ತಣ್ಣಗೆ, ಅವಳು ಬಂದ್ರೆ ಕಾಲು ನೋಯುತ್ತೆ ಅಂತ ಅಣ್ಣ ಎರಡು ವರ್ಷಕ್ಕೊಂದು ಜೊತೆ ಬದಲಾಯಿಸ್ತಾರೆ, ಹಳೇದನ್ನ ನನಗೇ ಕೊಡೋದು' ಅಂದಳು. ಅವಳ ಕಾಲಲ್ಲಿದ್ದದ್ದೂ ಅಂಥದ್ದೇ, ಸವೆದದ್ದು. ನಾನು ಅಲ್ಲೇ ಹಾಕಿಕೊಂಡೆ. ಹೊಲಿಗೆಯವಳ ಕಾಲು ನನ್ನದು, ಮೆಷಿನ್ ತುಳಿದು ತುಳಿದು ಬಲಗಾಲಿನ ಬೆರಳುಗಳು ಹರಡಿಕೊಂಡಿವೆ, ಯಾವ ಅಂಗಡಿಯ ಚಪ್ಪಲಿಯೂ ಸರಿಯಾಗಿ ಕೂರುವುದಿಲ್ಲ. ಇದು ಕೂತಿತು. ನೀವು ನನ್ನ ಕಾಲಿನ ಅಳತೆ ಯಾವಾಗ ತೆಗೆದುಕೊಂಡಿರಿ ಮಾರಾಯರೇ?

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಈ ಊರು ನೋಡಬೇಕೆಂದು ಆ ದಿನ ಕಾಲು ಹೋದ ಕಡೆ ನಡೆದೆ. ಹಗ್ಗದ ಅಂಗಡಿಯವರು ಕೂರಲು ಸ್ಟೂಲು ಕೊಟ್ಟು, 'ತಲೆಸುತ್ತು ಹೇಗಿದೆ ತಾಯೀ?' ಕ್ಯಾಂಟೀನಿನ ಭಟ್ಟರು ಟೀ ಜೊತೆ ಅರ್ಧ ನಿಂಬೆಹಣ್ಣು ಇಟ್ಟು, 'ಇದನ್ನ ಮೂಸ್ತಾ ಇರಿ, ನೀರಿನ ಕಡೆ ನೋಡಬೇಡಿ.' ಗೋದಾಮಿನ ಗೋಡೆಯಲ್ಲಿ ಪ್ರವಾಹ ಬಂದ ವರ್ಷಗಳ ಗುರುತು ಹಾಕಿದ್ದಾರಲ್ಲ, ಬಿಳಿ ಬಣ್ಣದ ಗೆರೆಗಳು, ಅದನ್ನು ನೋಡುತ್ತಾ ನಿಂತಿದ್ದೆ. ಕಾವಲುಗಾರ ಓಡಿಬಂದು ಬಿದ್ದೇಬಿಡುತ್ತೇನೇನೋ ಎಂಬಂತೆ ಹಿಂದೆ ಕೈ ಚಾಚಿಕೊಂಡು ನಿಂತ. ನನ್ನ ಮುಖ ಕಂಡವರಿಲ್ಲ, ನನ್ನ ಕಾಯಿಲೆ ಗೊತ್ತಿಲ್ಲದವರಿಲ್ಲ! ಇಡೀ ಬಂದರಿಗೆ ನನ್ನ ತಲೆಸುತ್ತಿನ ಚಿಂತೆ. ಪ್ರತಿಯೊಬ್ಬರಿಗೂ 'ಪರವಾಗಿಲ್ಲ, ಈಗ ಸ್ವಲ್ಪ ಕಮ್ಮಿ' ಎಂದೆ. ಹೇಳುವಾಗ ಮುಖ ಎಲ್ಲಿಟ್ಟುಕೊಳ್ಳುವುದು ತಿಳಿಯಲಿಲ್ಲ.

ಆಗ ನನಗೆ ಅರ್ಥವಾಯಿತು, ನೀವು ನಾಲ್ಕು ತಿಂಗಳಿಗೊಮ್ಮೆ ರಜೆಗೆ ಬರುವಾಗ ತರುತ್ತಿದ್ದ ಬೇರು, ಪುಡಿ, ಎಣ್ಣೆ, ಕಿವಿಯ ಹಿಂದೆ ಅಂಟಿಸುವ ಪಟ್ಟಿ, ಮಣಿಕಟ್ಟಿಗೆ ಕಟ್ಟುವ ಗುಂಡಿಯ ಪಟ್ಟಿ, ಇದೆಲ್ಲ ಎಲ್ಲಿಂದ ಬರುತ್ತಿತ್ತು ಎಂದು. ಇವರೆಲ್ಲರ ಹತ್ತಿರ ಕೇಳಿ ಕೇಳಿ ತರುತ್ತಿದ್ದಿರಿ. ನೀವು ವಾಪಸ್ಸು ಹೋದ ಮೇಲೆ ನಾನು ಅವನ್ನೆಲ್ಲ ಎಲ್ಲಿಡುತ್ತಿದ್ದೆ ಗೊತ್ತೇ? ಹಳೇ ಮೆಷಿನ್ನಿನ ಹಿಂದೆ ತುಂಡು ಬಟ್ಟೆಯ ಡಬ್ಬಿಯಿದೆಯಲ್ಲ, ಅದರಲ್ಲಿ. ಒಂದನ್ನೂ ಬಿಚ್ಚಲಿಲ್ಲ. ಗುಂಡಿ ಪಟ್ಟಿಯ ಗುಂಡಿಯನ್ನು ಮಾತ್ರ ಕಿತ್ತು ಯಾರದೋ ಕೋಟಿಗೆ ಹೊಲಿದೆ. ಮುಂದಿನ ಸಲ ಬಂದಾಗ ನೀವು 'ಗುಣ ಕಾಣಿಸ್ತಾ?' ಅಂತ ಕೇಳಿದಿರಿ. ನಾನು ತಲೆ ಅಲ್ಲಾಡಿಸಿದೆ. 'ಹೋಗಲಿ ಬಿಡು, ಬೇರೇದು ನೋಡೋಣ' ಎಂದಿರಿ.

ಇನ್ನು ಹಾರ್ನಿನ ಕಥೆ. ಸೋಮವಾರ ಸಂಜೆ ಐದೂವರೆಗೆ ಟ್ರಂಕಿನ ಬಟ್ಟೆ ಮಡಚುತ್ತಿದ್ದೆ. ಹೊರಗೆ ಎಲ್ಲೋ ಲಾಂಚು ಒಂದು ಸಲ ಕೂಗಿತು. ಸರಿ, ಬಂದರು ಅಂದಮೇಲೆ ಕೂಗದೇ ಇರುತ್ತದೆಯೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಉದ್ದ ಒಂದು, ಗಿಡ್ಡ ಎರಡು, ನನ್ನ ಕಿವಿಯೊಳಗೇ ನುಗ್ಗಿದ ಹಾಗೆ. ನನಗೋ ಚಪ್ಪಲಿಯ ಉರಿ. ಎದ್ದವಳೇ ಕಿಟಕಿಯನ್ನು ಧಡಾರನೆ ಮುಚ್ಚಿದೆ. ಮಂಗಳವಾರವೂ ಅದೇ ಹೊತ್ತಿಗೆ, ಅದೇ ಉದ್ದ ಒಂದು, ಗಿಡ್ಡ ಎರಡು. ಅವತ್ತು ಜನರ ಕನಿಕರ ತಿಂದು ತಿಂದು ತಲೆ ಕೆಟ್ಟಿತ್ತು, ಮತ್ತೆ ಧಡಾರ್. ಬುಧವಾರ ಹಾರ್ನು ಶುರುವಾಗುವ ಮೊದಲೇ ಕಿಟಕಿಯ ಹತ್ತಿರ ಕಾದು ನಿಂತಿದ್ದು, ಆ ಉದ್ದನೆಯ ಕೂಗು ಎದ್ದ ತಕ್ಷಣ ಮುಚ್ಚಿದೆ. ಕೆಳಗೆ ಲಾಂಚ್ ಕಟ್ಟುವ ಜೆಟ್ಟಿಯ ಮೇಲೆ ಇಪ್ಪತ್ತು ಮೂವತ್ತು ಜನ ನಿಂತು ಮೇಲೆ ನೋಡುತ್ತಿದ್ದದ್ದು ಕಂಡಿತು. ಇವರಿಗೇನು ಕೆಲಸವಿಲ್ಲವೇ ಎಂದುಕೊಂಡೆ.

ಗುರುವಾರ ಬೆಳಗ್ಗೆ ಟಿಕೆಟ್ಟಿನಾಕೆ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. 'ಅಕ್ಕಾ, ಕೇಳಬಾರದು, ಆದ್ರೂ ಕೇಳ್ತೀನಿ. ಅಣ್ಣನ ಮೇಲೆ ಅಷ್ಟೊಂದು ಸಿಟ್ಟಾ?' ಎಂದಳು. ಯಾಕೆ ಎಂದರೆ ಆಗ ಹೇಳಿದಳು. ಇಲ್ಲಿಯ ಲಾಂಚ್ ಡ್ರೈವರುಗಳೆಲ್ಲ ಸಂಜೆಯ ಕೊನೆಯ ಸುತ್ತಿನಲ್ಲಿ ಅಲೆ ತಡೆಯುವ ಕಲ್ಲುಗೋಡೆಯನ್ನು ತಿರುಗುವಾಗ ಅವರವರ ಮನೆಗೆಂದು ಅವರವರದೇ ಹಾರ್ನ್ ಹೊಡೆಯುತ್ತಾರಂತೆ. ಬಂದೆ, ಒಲೆ ಹಚ್ಚು ಅಂತ. ಮನೆಯವರು ಕಿಟಕಿ ತೆರೆದು ನಿಲ್ಲಬೇಕು, ಅದೇ ಉತ್ತರ. ಹಾರ್ನಿಗೆ ಕಿಟಕಿ ಮುಚ್ಚಿದರೆ ಮನೆಯಲ್ಲಿ ಜಗಳ ಎಂದರ್ಥ, ಅವತ್ತು ಡ್ರೈವರಿಗೆ ಕ್ಯಾಂಟೀನಿನ ಊಟವೇ ಗತಿ, ಜೆಟ್ಟಿಯವರೆಲ್ಲ ಅವನ ಕಾಲೆಳೆಯುವುದೇ. ಉದ್ದ ಒಂದು ಗಿಡ್ಡ ಎರಡು ನಿಮ್ಮದು. ನಿಮ್ಮ ಶಿಷ್ಯ ಮೀಸೆ ಈಗ ನಿಮ್ಮ ಲಾಂಚ್ ಓಡಿಸುತ್ತಾನಲ್ಲ, ನಾನು ಬಂದಿದ್ದೇನೆ ಎಂದು ಸೋಮವಾರವೇ ಮಾಲೀಕರಿಂದ ತಿಳಿದು, ತನ್ನ ಮನೆಗೆ ಒಂದು ಕೂಗು ಹೊಡೆದ ಮೇಲೆ ನಿಮ್ಮದನ್ನೂ ನಿಮ್ಮ ಪರವಾಗಿ ಹೊಡೆಯುತ್ತಿದ್ದ. ನಾನು ಮೂರು ದಿನ ಊರೆದುರು ಅದರ ಮುಖಕ್ಕೆ ಹೊಡೆದ ಹಾಗೆ ಕಿಟಕಿ ಮುಚ್ಚಿದೆ. ಪಾಪ, ಆ ಮೀಸೆ ಬುಧವಾರ ಊಟ ಮಾಡಲಿಲ್ಲವಂತೆ.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಅದಕ್ಕಿಂತ ದೊಡ್ಡದು ಆಮೇಲೆ ಬಂತು. ಹೆಂಡತಿಯೇ ಇಲ್ಲದ ರೂಮಿಗೆ ಅವರು ಯಾಕೆ ಹಾರ್ನ್ ಹೊಡೆಯುತ್ತಿದ್ದರು ಎಂದು ಕೇಳಿದೆ. 'ಇಪ್ಪತ್ತಾರು ವರ್ಷ ಒಂದು ದಿನ ತಪ್ಪಿಸಿಲ್ಲ ಅಕ್ಕಾ' ಎಂದಳು. ಗೋದಾಮಿನ ಸಿಮೆಂಟ್ ಧೂಳು ಬರುತ್ತದೆಂದು ಬೆಳಗ್ಗೆ ನೀವೇ ಮುಚ್ಚಿ ಹೋದ ಕಿಟಕಿಗೆ ಸಂಜೆ ನೀವೇ ಹಾರ್ನ್ ಹೊಡೆಯುವುದು! ಮೊದಮೊದಲು ಎಲ್ಲರೂ ಗೇಲಿ ಮಾಡಿದರಂತೆ, ಗೋಡೆಗೆ ಹಾರ್ನ್ ಹೊಡೆಯೋ ಡ್ರೈವರ್ ಅಂತ ಹೆಸರಿಟ್ಟರಂತೆ. 'ಅವಳು ಬರ್ತಾಳೆ, ತಲೆಸುತ್ತು ಕಮ್ಮಿಯಾಗಲಿ. ಅಷ್ಟರೊಳಗೆ ನನಗೆ ಅಭ್ಯಾಸ ತಪ್ಪಬಾರದಲ್ಲ' ಎಂದು ನೀವು ನಕ್ಕುಬಿಡುತ್ತಿದ್ದಿರಂತೆ. ಕೆಲವು ವರ್ಷಕ್ಕೆ ಗೇಲಿ ನಿಂತಿತು. ಆಮೇಲೆ ಯಾರಿಗೂ ಆ ವಿಷಯ ಎತ್ತುವ ಧೈರ್ಯ ಬರಲಿಲ್ಲ ಎಂದಳು. ನೀವು ರಜೆಗೆ ಬಂದು ಎಂಟೆಂಟು ದಿನ ನನ್ನ ಎದುರಿಗೇ ಕೂರುತ್ತಿದ್ದಿರಿ, ಗುಂಡಿ ಕಾಜಾ ಹಾಕಿಕೊಡುತ್ತಿದ್ದಿರಿ. ಇದನ್ನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಎಂದು ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಹೇಳಿದ್ದರೆ ನಾನು ಬೇರೊಂದು ಕಾಯಿಲೆ ಹುಡುಕುತ್ತಿದ್ದೆನೋ ಏನೋ, ನನ್ನನ್ನು ನಾನು ನಂಬುವುದಿಲ್ಲ.

ಮಾಲೀಕರ ವಿಷಯ ಕೇಳಿ. ಸೋಮವಾರದಿಂದ ಅವರು ನನ್ನನ್ನು ಕಂಡರೆ ತಪ್ಪಿಸಿಕೊಳ್ಳುತ್ತಿದ್ದರು. ಕೆಳಗಿನ ಟಾರ್ಪಾಲಿನ ಅಂಗಡಿಯಲ್ಲಿ ಕೂತಿರುತ್ತಾರೆ, ನಾನು ಇಳಿದರೆ ಎದ್ದು ಒಳಗೆ ಹೋಗುತ್ತಾರೆ. ದೊಡ್ಡ ಮನುಷ್ಯರ ಗತ್ತು ಎಂದುಕೊಂಡಿದ್ದೆ. ನಿನ್ನೆ ಸಂಜೆ ತಾವೇ ಮೇಲೆ ಬಂದರು, ಆ ವಯಸ್ಸಿನಲ್ಲಿ ಮೂವತ್ತನಾಲ್ಕು ಮೆಟ್ಟಿಲು. ಏದುಸಿರು ಬಿಡುತ್ತಾ, ಕೂತುಕೊಳ್ಳಿ ಎಂದರೂ ಕೂರದೆ, 'ನನ್ನ ಕ್ಷಮಿಸಿ ತಾಯಿ. ಆ ಕಿಟಕಿ ನಾನು ತೆರೀಬಾರದಿತ್ತು' ಎಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು. ಮೂರು ತಿಂಗಳ ಹಿಂದೆ ನೀವು ಲಾಂಚಿನಲ್ಲಿದ್ದಾಗ ಅವರು ಈ ರೂಮಿಗೆ ಸುಣ್ಣ ಬಳಿಸಿದರಂತೆ. ಗೋಡೆ ಒಣಗಲಿ ಎಂದು ಕಿಟಕಿ ತೆರೆದಿಟ್ಟು ಹೋದರಂತೆ. ಸಂಜೆ ನೀವು ನೀರಿನ ಕಲ್ಲುಗೋಡೆ ತಿರುಗಿ ಹಾರ್ನ್ ಹೊಡೆದಿರಿ. ತಲೆ ಎತ್ತಿ ನೋಡಿದಿರಿ. ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಕಿಟಕಿ ತೆರೆದಿತ್ತು. ಲಾಂಚಿಗೆ ಹಗ್ಗ ಕಟ್ಟುವ ಮೊದಲೇ, ಜೆಟ್ಟಿಗೆ ಇಳಿಯಲು ಹಾಕುವ ಹಲಗೆ ಸರಿಯಾಗಿ ಕೂರುವ ಮೊದಲೇ ನೀವು ಇಳಿಯಲು ಹೋದಿರಿ. 'ಬಂದ್ಲು ಕಣೋ' ಎಂದು ಮೀಸೆಗೆ ಹೇಳಿದಿರಂತೆ, ಅಷ್ಟರಲ್ಲಿ ಹಲಗೆ ಜಾರಿತು.

ಮನೆಯಲ್ಲಿ ನಮಗೆ ನೀವು ಹೇಳಿದ್ದೇನು? ಮಳೆ ಬಂದು ಹಲಗೆ ಒದ್ದೆಯಾಗಿತ್ತು ಅಂತ. ಆಸ್ಪತ್ರೆಯಲ್ಲಿ ನಾನು ನಿಮ್ಮ ಪಕ್ಕ ಕೂತು ಗಂಟೆಗಟ್ಟಲೆ ಬೈದೆ. ಇಪ್ಪತ್ತಾರು ವರ್ಷ ಓಡಿಸಿದವರಿಗೆ ಒದ್ದೆ ಹಲಗೆಯ ಮೇಲೆ ಕಾಲಿಡುವ ಬುದ್ಧಿ ಬೇಡವೇ ಎಂದೆ. ಇನ್ನು ಲಾಂಚ್ ಓಡಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ದಿನವೂ ಬೈದೆ. ನೀವು ಕಣ್ಣು ಮುಚ್ಚಿಕೊಂಡು ಎಲ್ಲಾ ಕೇಳಿಸಿಕೊಂಡಿರಿ. ಒಂದು ಮಾತು ಆಡಲಿಲ್ಲವಲ್ಲ ರೀ. ಒಂದೇ ಒಂದು ಮಾತು.

ಮಾಲೀಕರಿಗೆ ನಾನು 'ನಿಮ್ಮ ತಪ್ಪಲ್ಲ ಯಜಮಾನ್ರೇ' ಎಂದೆ. ಅವರು ನಂಬಲಿಲ್ಲ. ಯಾರ ತಪ್ಪು ಎಂದು ಹೇಳಿದ್ದರೆ ನಂಬುತ್ತಿದ್ದರು. ಅದೊಂದು ನನ್ನ ಬಾಯಿಂದ ಹೊರಡಲಿಲ್ಲ. ಅವರು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ ನಿಂತೆ. ಮೂರು ತಿಂಗಳಿಂದ ನನ್ನ ಪಾಲಿನದನ್ನು ಆ ಮುದುಕರು ಹೊರುತ್ತಿದ್ದಾರೆ.

ಇವತ್ತು ಬೆಳಗ್ಗೆ ಎದ್ದು ನೆಟ್ಟಗೆ ಜೆಟ್ಟಿಗೆ ಹೋದೆ. ಟಿಕೆಟ್ ಕೊಡಿ ಎಂದೆ. ಕೌಂಟರಿನಾಕೆಯ ಕೈ ಹಾಗೇ ನಿಂತಿತು. ಸುದ್ದಿ ಹರಡಲು ಎಷ್ಟು ಹೊತ್ತು ಬೇಕು, ಕ್ಯಾಂಟೀನಿನ ಭಟ್ಟರು ನಿಂಬೆಹಣ್ಣು ಹಿಡಿದು ಓಡಿಬಂದರು, ಹಗ್ಗದ ಅಂಗಡಿಯವರು ಪ್ಲಾಸ್ಟಿಕ್ ಚೀಲ ತಂದರು, ವಾಂತಿಗೆ. ಮೀಸೆ ನನ್ನನ್ನು ಕೈ ಹಿಡಿದು ಹತ್ತಿಸಿ ನಾಲ್ಕನೇ ಬೆಂಚಿನ ಎಡಗಡೆಯ ಮೂಲೆಯಲ್ಲಿ ಕೂರಿಸಿದ. 'ಇದು ನಿಮ್ಮ ಸೀಟು ಅತ್ತಿಗೇ' ಎಂದ. ಏನು ಹಾಗೆಂದರೆ ಎಂದು ಕೇಳಿದೆ. ಮದುವೆಯಾದ ಹೊಸದರಲ್ಲಿ ನೀವು ಲೋಟದ ತುಂಬ ನೀರು ತುಂಬಿ ಒಂದೊಂದು ಸುತ್ತಿಗೆ ಒಂದೊಂದು ಸೀಟಿನ ಮೇಲಿಟ್ಟು ನೋಡಿದ್ದಿರಂತೆ, ಎಲ್ಲಿ ಕಮ್ಮಿ ಚೆಲ್ಲುತ್ತದೆ ಅಂತ. ಇಪ್ಪತ್ತು ದಿನ ಹಿಡಿಯಿತಂತೆ. ಲಾಂಚು ಎರಡು ಸಲ ಬದಲಾಯಿತು, ಎರಡು ಸಲವೂ ಮತ್ತೆ ಲೋಟ ಇಟ್ಟಿರಂತೆ. ಊರಿನವರು ಯಾರೂ ಆ ಮೂಲೆಯಲ್ಲಿ ಕೂರುವುದಿಲ್ಲವಂತೆ.

ಕೂತೆ. ಲಾಂಚು ಹೊರಟಿತು. ಕಲ್ಲುಗೋಡೆ ದಾಟಿದ ಮೇಲೆ ಗಾಳಿ ಜೋರು, ಅಲೆಯೂ ಜೋರು, ನನ್ನೆದುರು ಕೂತಿದ್ದ ಗಟ್ಟಿಮುಟ್ಟಾದ ಗಂಡಸೊಬ್ಬ ಮುಖ ಹಸಿರು ಮಾಡಿಕೊಂಡು ನನಗೆಂದು ತಂದಿದ್ದ ಚೀಲವನ್ನೇ ತೆಗೆದುಕೊಂಡ. ಎಲ್ಲರ ಕಣ್ಣೂ ನನ್ನ ಮೇಲೆ. ಒಂದು ಸಲವಾದರೂ ತಲೆ ಸುತ್ತಲಿ ಎಂದು ಬೇಡಿಕೊಂಡೆ ಕಣ್ರೀ. ನಿಜವಾಗಿ ಬೇಡಿಕೊಂಡೆ. ಎದ್ದು ಮುಂದೆ ಹೋಗಿ ಕಂಬಿ ಹಿಡಿದು ನೀರನ್ನೇ ದಿಟ್ಟಿಸಿದೆ. ಆಚೆ ದಡ ಬಂತು, ಈಚೆ ದಡಕ್ಕೆ ತಿರುಗಿತು. ಎಳ್ಳಷ್ಟೂ ಇಲ್ಲ. ಬದಲಿಗೆ ಹಿತವಾಗಿತ್ತು, ಅದೇ ಇನ್ನೂ ಕೆಟ್ಟದ್ದು. ಬೆಳಗಿನ ಬಿಸಿಲಲ್ಲಿ ನಿಮ್ಮ ಊರು ದೂರದಿಂದ ಹತ್ತಿರ ಬರುವುದನ್ನು ನೋಡಿದೆ. ಕ್ರೇನುಗಳು, ಗೋದಾಮಿನ ಕೆಂಪು ಹೆಂಚು, ಅದರ ಮೇಲೆ ಎರಡನೇ ಮಹಡಿಯ ನಮ್ಮ ಕಿಟಕಿ. ಎಷ್ಟು ಚೆನ್ನಾಗಿ ಕಾಣುತ್ತದೆ ಅಲ್ಲಿಂದ! ಇಷ್ಟು ಚೆನ್ನಾಗಿ ಕಾಣುವುದನ್ನು ನೀವು ದಿನಾ ಮುಚ್ಚಿದ್ದಾಗಲೇ ನೋಡಿದಿರಿ. 'ಅತ್ತಿಗೆ ವಾಸಿಯಾಗಿದ್ದಾರೆ! ಪೂರ್ತಿ ವಾಸಿ!' ಎಂದು ಮೀಸೆ ಜೆಟ್ಟಿಗೆ ಕೇಳುವ ಹಾಗೆ ಕೂಗಿದ. ಅಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ಸಂತೋಷಕ್ಕೆ ಎಂದುಕೊಂಡರು.

ಬರೆಯಲು ಇನ್ನೂ ಬೇಕಾದಷ್ಟಿದೆ, ಆದರೆ ಮೂರು ಗಂಟೆಯ ಲಾಂಚಿನಲ್ಲಿ ಈ ಪತ್ರ ಹೋಗಬೇಕು, ಮೀಸೆ ಆಚೆ ದಡದ ಅಂಚೆಗೆ ಹಾಕುತ್ತಾನೆ. ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳಿ. ಟಿಕೆಟ್ಟಿನಾಕೆ, ಭಟ್ಟರು, ಕಾವಲುಗಾರ, ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಸೊಂಟ ಜೋಪಾನ. ಸಿಟ್ಟು ಬಂದರೆ ಬರಲಿ, ನುಂಗಿಕೊಳ್ಳಬೇಡಿ, ಒಂದು ಸಲವಾದರೂ ನನ್ನನ್ನು ಬಾಯಿತುಂಬ ಬೈಯಿರಿ.

ಇಂತಿ ನಿಮ್ಮ,
ಇವಳೇ

ತಾ.ಕ.: ಮೀಸೆ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ನಾನು ವಾಸಿಯಾಗಿಲ್ಲ, ನನಗೆ ಏನೂ ಆಗಿರಲೇ ಇಲ್ಲ. ಮದುವೆಯಾದ ವರ್ಷ ನೀವು ನನ್ನನ್ನು ಕರೆದುಕೊಂಡು ಹೋಗಲು ಬಂದಾಗ ಹೊಳೆಯ ದೋಣಿಯಲ್ಲಿ ತಲೆಸುತ್ತಿ ಬಿದ್ದೆನಲ್ಲ, ಅದು ನೀರಿಗಲ್ಲ, ಹೊಟ್ಟೆಯಲ್ಲಿ ಮಗಳಿದ್ದಳು. ಹದಿನೈದು ದಿನಕ್ಕೇ ನನಗೆ ಅದು ತಿಳಿಯಿತು. ಅವಳು ಹುಟ್ಟಿದ ಮೇಲೆ ಒಂದು ದಿನವೂ ತಲೆ ಸುತ್ತಿಲ್ಲ. ಆಗಷ್ಟೇ ಮೆಷಿನ್ ಕೊಂಡಿದ್ದೆ, ಅಂಗಡಿಗೆ ನನ್ನ ಹೆಸರು ಬರೆಸಿದ್ದೆ, ಇಲ್ಲಿಗೆ ಬಂದರೆ ಬರೀ ಡ್ರೈವರನ ಹೆಂಡತಿಯಾಗಿಬಿಡುತ್ತೇನೆ ಎಂಬ ಹೆದರಿಕೆ. ಬರುವುದಿಲ್ಲ ಎಂದು ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ, ಕಾಯಿಲೆ ಎಂದೆ. ಈ ವರ್ಷ ಹೇಳೋಣ, ಮುಂದಿನ ವರ್ಷ ಹೇಳೋಣ ಎನ್ನುತ್ತಾ ಇಪ್ಪತ್ತಾರು ವರ್ಷವಾಯಿತು. ಈಗ ಪತ್ರ ಕೊಡಲು ಇಳಿಯುವಾಗ ಮಾಲೀಕರಿಗೂ ಇದನ್ನು ಹೇಳುತ್ತೇನೆ, ಆ ಮುದುಕರು ಇವತ್ತಾದರೂ ನೆಮ್ಮದಿಯಾಗಿ ಉಣ್ಣಲಿ. ಬೀಗದ ಕೈ ಮಾತ್ರ ಕೊಡುವುದಿಲ್ಲ. ನನ್ನ ಮೇಲೆ ಸಿಟ್ಟಿದ್ದರೂ ಬನ್ನಿ, ಬಂದು ಇಲ್ಲೇ ಸಿಟ್ಟು ಮಾಡಿ. ಮುಂದಿನ ಶುಕ್ರವಾರ ಡಾಕ್ಟರು ನೋಡಿದ ಮೇಲೆ ಅಳಿಯಂದಿರು ಆಚೆ ದಡಕ್ಕೆ ತಂದುಬಿಡಲಿ, ಸಂಜೆಯ ಕೊನೆಯ ಸುತ್ತಿಗೆ. ಮೆಟ್ಟಿಲಿಗೆ ಮೀಸೆ ಇದ್ದಾನೆ, ಕುರ್ಚಿಯಲ್ಲಿ ಕೂರಿಸಿ ಹೊರುತ್ತಾನಂತೆ. ಕಲ್ಲುಗೋಡೆ ತಿರುಗುವಾಗ ಹಾರ್ನ್ ನೀವೇ ಹೊಡೆಯಿರಿ. ಮತ್ತೆ, ಹಗ್ಗ ಕಟ್ಟುವವರೆಗೆ ಕಾಯಿರಿ, ಹಲಗೆಯ ಮೇಲೆ ನಿಧಾನ. ಕಿಟಕಿ ತೆರೆದೇ ಇರುತ್ತದೆ, ನಾನು ಅಲ್ಲೇ ನಿಂತಿರುತ್ತೇನೆ.